ಕಂಪನಿ ಹೋಗುತ್ತದೋ ಬರುತ್ತದೋ: ಲೆಕ್ಕ ಕೇಳಬೇಕಾದವರು ನಾವು
(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಮಾತು ಬೆಂಗಳೂರಿನಿಂದ ಹೊರಟು ನಮ್ಮ ಹಳ್ಳಿಯ ಅರಳಿಕಟ್ಟೆಯವರೆಗೂ ಬಂದಿದೆ. "ಬೆಂಗಳೂರು ಕೆಟ್ಟಿತು, ಕಂಪನಿಗಳೆಲ್ಲ ಆಂಧ್ರಕ್ಕೆ ಹೋಗ್ತಾ ಇವೆ" ಅಂತ ಒಬ್ಬರು. "ಎಲ್ಲಿ ಹೋಗ್ತವೆ? ಲಕ್ಷ ಲಕ್ಷ ಕೋಟಿ ಬಂಡವಾಳ ಬರ್ತಾ ಇದೆ" ಅಂತ ಇನ್ನೊಬ್ಬರು. ವಿರೋಧ ಪಕ್ಷದಲ್ಲಿ ಕೂತವರು ಮೊದಲನೆಯದನ್ನು ಹೇಳುತ್ತಾರೆ, ಅಧಿಕಾರದಲ್ಲಿ ಕೂತವರು ಎರಡನೆಯದನ್ನು. ಕುರ್ಚಿ ಬದಲಾದರೆ ಮಾತೂ ಬದಲಾಗುತ್ತದೆ.

ಇದು ಪೇಟೆಯವರ ಜಗಳ, ನಮಗೇನು ಎಂದು ನೀವು ಕೇಳಬಹುದು. ನಮಗೆ ಸಂಬಂಧ ಇದೆ. ಕಂಪನಿ ಹೋಗುತ್ತದೆ ಎಂದಾಗ "ತಡೆಯಬೇಕು, ಭೂಮಿ ಕೊಡಿ" ಎನ್ನುತ್ತಾರೆ. ಕಂಪನಿ ಬರುತ್ತದೆ ಎಂದಾಗಲೂ "ಭೂಮಿ ಕೊಡಿ" ಎನ್ನುತ್ತಾರೆ. ಎರಡು ಮಾತೂ ಬಂದು ನಿಲ್ಲುವುದು ನಮ್ಮ ಹೊಲದ ಬದುವಿನ ಮೇಲೆ. ಆದ್ದರಿಂದ ಗಾಳಿಮಾತು ಎಷ್ಟು, ನಿಜ ಎಷ್ಟು ಎಂದು ನಾವೇ ತೂಗಿ ನೋಡಬೇಕು.

2025ರಲ್ಲಿ ನಡೆದದ್ದನ್ನೇ ನೋಡಿ. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಂಡವಾಳ ಹೂಡಿಕೆ ಸಮಾವೇಶ ನಡೆಯಿತು. 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಗೆ ಭರವಸೆ ಸಿಕ್ಕಿದೆ ಎಂದು ಸರ್ಕಾರ ಹೇಳಿತು. ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬೆಳ್ಳಂದೂರಿನಲ್ಲಿದ್ದ ಒಂದು ಕಂಪನಿಯ ಮುಖ್ಯಸ್ಥರು, ಗುಂಡಿ ಬಿದ್ದ ರಸ್ತೆ, ತಾಸುಗಟ್ಟಲೆ ಪ್ರಯಾಣ, ಸಾಕಾಯಿತು, ಇಲ್ಲಿಂದ ಹೊರಡುತ್ತೇವೆ ಎಂದು ಬರೆದರು. ಕೂಡಲೇ ಆಂಧ್ರದ ಮಂತ್ರಿ ನಾರಾ ಲೋಕೇಶ್ "ನಮ್ಮ ವಿಶಾಖಪಟ್ಟಣಕ್ಕೆ ಬನ್ನಿ" ಎಂದು ಕರೆದರು. ಗದ್ದಲವೋ ಗದ್ದಲ. ಆಮೇಲೆ ಆ ಕಂಪನಿಯೇ, ನಾವು ಬೆಂಗಳೂರು ಬಿಡುತ್ತಿಲ್ಲ, ಊರೊಳಗೇ ಜಾಗ ಬದಲಾಯಿಸುತ್ತಿದ್ದೇವೆ ಎಂದಿತು. ಗದ್ದಲ ಮಾಡಿದಷ್ಟು ಜೋರಾಗಿ ಈ ಮಾತನ್ನು ಯಾರೂ ಹೇಳಲಿಲ್ಲ.

ಅಕ್ಟೋಬರಿನಲ್ಲಿ ಗೂಗಲ್ ಕಂಪನಿ ವಿಶಾಖಪಟ್ಟಣದಲ್ಲಿ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ಹೂಡಿ ಡೇಟಾ ಸೆಂಟರ್ ಕಟ್ಟುವುದಾಗಿ ಹೇಳಿತು. "ನೋಡಿ, ಬೆಂಗಳೂರಿನ ಕೈ ತಪ್ಪಿತು" ಎಂದರು. ಅದೇ ಗೂಗಲ್ ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ತನ್ನ ಭಾರಿ ಕಚೇರಿ ತೆರೆದಿತ್ತು. ಡೇಟಾ ಸೆಂಟರ್ ಎಂದರೆ ಕಂಪ್ಯೂಟರುಗಳ ದೊಡ್ಡ ಉಗ್ರಾಣ. ಅದಕ್ಕೆ ಬೇಕಾದ್ದು ಅಪಾರ ವಿದ್ಯುತ್ತು, ನೀರು, ಸಮುದ್ರದೊಳಗಿನ ಕೇಬಲ್. ಕಟ್ಟಿದ ಮೇಲೆ ಅದು ಕೊಡುವ ಕೆಲಸ ಕಡಿಮೆ. ಬೆಂಗಳೂರಿಗೆ ಸಮುದ್ರವಿಲ್ಲ. ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ನೀರೆತ್ತಿ ಕುಡಿಯುವ ಊರು ಅದು. ಒಂದೇ ಕಂಪನಿ ಕಚೇರಿಯನ್ನು ಇಲ್ಲಿ ಇಡುತ್ತದೆ, ಉಗ್ರಾಣವನ್ನು ಅಲ್ಲಿ ಇಡುತ್ತದೆ. ಇದರಲ್ಲಿ ಓಡಿಹೋದವರು ಯಾರು?

ಹಾಗಾದರೆ ಯಾರೂ ಬಿಟ್ಟು ಹೋಗಿಲ್ಲವೇ? ಹೋಗಿದ್ದಾರೆ. ಅವರ ಬಗ್ಗೆ ಯಾರೂ ಕೂಗಲಿಲ್ಲ, ಅಷ್ಟೇ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ. ಬಿನ್ನಿ ಮಿಲ್ಲಿನ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದಿವೆ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. 1961ರಲ್ಲಿ ಶುರುವಾಗಿ ದೇಶಕ್ಕೆಲ್ಲ ಕೈಗಡಿಯಾರ ಕಟ್ಟಿಸಿದ ಎಚ್‌ಎಂಟಿ ವಾಚು ಉದ್ದಿಮೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಅಲ್ಲೆಲ್ಲ ದುಡಿದವರು ನಮ್ಮ ಹಳ್ಳಿಗಳ ಮಕ್ಕಳೇ. ಅವರು ಪ್ರತಿ ತಿಂಗಳು ಕಳಿಸುತ್ತಿದ್ದ ದುಡ್ಡಿನಿಂದ ಎಷ್ಟೋ ಮನೆಗಳಲ್ಲಿ ಗೊಬ್ಬರ, ಬೀಜದ ಸಾಲ ತೀರುತ್ತಿತ್ತು. ಈ ಕಾರ್ಖಾನೆಗಳು ಮುಚ್ಚುವುದಕ್ಕೆ ಹಲವು ಕಾರಣ ಇದ್ದವು. ಆದರೆ ಒಂದನ್ನು ಗಮನಿಸಿ: ಮಗ್ಗ ಹೋಯಿತು, ಯಂತ್ರ ಹೋಯಿತು, ಕೂಲಿ ಹೋಯಿತು, ಭೂಮಿ ಮಾತ್ರ ಉಳಿದು ಚಿನ್ನವಾಯಿತು. ಉದ್ದಿಮೆ ನಷ್ಟದಲ್ಲಿ ಮುಚ್ಚಿದ ಕಡೆಯೂ ಅದರ ಕೆಳಗಿನ ನೆಲ ಲಾಭ ಕೊಟ್ಟಿತು. ಆ ಲಾಭದಲ್ಲಿ ಮೊದಲು ನೆಲ ಬಿಟ್ಟುಕೊಟ್ಟ ರೈತನಿಗೆ ಕಾಸಿನ ಪಾಲಿಲ್ಲ.

ಇನ್ನು ದೇವನಹಳ್ಳಿಗೆ ಬರೋಣ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯನ್ನು ವಿಮಾನ, ರಕ್ಷಣಾ ಉದ್ದಿಮೆಗಳ ಪಾರ್ಕಿಗೆಂದು ತೆಗೆದುಕೊಳ್ಳಲು ಸರ್ಕಾರ ಹೊರಟಿತು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ಹೂವು, ರಾಗಿ ಬೆಳೆಯುವ ನೆಲ. ಆ ಸೀಮೆ ಈ ಮೊದಲೇ ವಿಮಾನ ನಿಲ್ದಾಣಕ್ಕೆ ಸಾವಿರಾರು ಎಕರೆ ಕೊಟ್ಟಿತ್ತು. 2022ರ ಏಪ್ರಿಲಿನಲ್ಲಿ ರೈತರು ಧರಣಿ ಕೂತರು. ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನವನ್ನು ಕೈಬಿಟ್ಟಿದ್ದೇವೆ, ಇಷ್ಟಪಟ್ಟು ಕೊಡುವವರಿಂದ ಮಾತ್ರ ಪಡೆಯುತ್ತೇವೆ ಎಂದು ಘೋಷಿಸಿದರು. ಆಗಲೂ ಲೋಕೇಶ್ ಅವರು, ಬೆಂಗಳೂರಿನ ಪಕ್ಕದಲ್ಲೇ ನಮ್ಮ ಕಡೆ 8,000 ಎಕರೆ ಸಿದ್ಧವಿದೆ, ಬನ್ನಿ ಎಂದರು. ನಮ್ಮಲ್ಲಿ ಕೆಲವರು "ರೈತರ ಹಟದಿಂದ ರಾಜ್ಯ ಉದ್ಯೋಗ ಕಳೆದುಕೊಂಡಿತು" ಎಂದು ಮರುಗಿದರು.

ಈ ಆರೋಪಕ್ಕೆ ಉತ್ತರ ಹೇಳಲೇಬೇಕು. ಹಿಂದೆ ಸಿಂಗೂರಿನಲ್ಲೂ ಇದೇ ಆರೋಪ ಬಂದಿತ್ತು. ಪಶ್ಚಿಮ ಬಂಗಾಳದ ಆ ಊರಿನಲ್ಲಿ ನ್ಯಾನೋ ಕಾರಿಗೆಂದು 997 ಎಕರೆ ತೆಗೆದುಕೊಂಡರು. ಹೋರಾಟವಾಯಿತು, 2008ರಲ್ಲಿ ಕಂಪನಿ ಗುಜರಾತಿನ ಸಾನಂದಕ್ಕೆ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟು ಆ ಸ್ವಾಧೀನ ಕಾನೂನುಬದ್ಧವಲ್ಲ, ಭೂಮಿ ಹಿಂದಿರುಗಿಸಿ ಎಂದಿತು. 2018ರ ಹೊತ್ತಿಗೆ ನ್ಯಾನೋ ಕಾರಿನ ತಯಾರಿಕೆಯೇ ನಿಂತಿತು. ಕಾರಿನ ಆಯುಷ್ಯ ಹತ್ತು ವರ್ಷ. ಹೊಲದ ಆಯುಷ್ಯ ಎಷ್ಟು? ಆದರೆ ಸಿಂಗೂರಿನ ಇನ್ನೊಂದು ಪಾಠವನ್ನೂ ಮರೆಯಬಾರದು. ಭೂಮಿ ವಾಪಸು ಬಂತು, ಕಾಂಕ್ರೀಟು ಬಿದ್ದ ನೆಲ ಮೊದಲಿನ ಹೊಲವಾಗಿ ಬರಲಿಲ್ಲ. ಅಂದರೆ ತಡೆಯುವುದಾದರೆ ಬುಲ್ಡೋಜರ್ ಬರುವ ಮೊದಲೇ ತಡೆಯಬೇಕು.

ನಾವು ಕೈಗಾರಿಕೆಯ ವೈರಿಗಳಲ್ಲ. ಎರಡೆಕರೆ ಒಣಬೇಸಾಯದಲ್ಲಿ ಮೂರು ಮಕ್ಕಳು ಬದುಕಲಾರರು ಎಂಬುದು ನಮಗೆ ಗೊತ್ತಿಲ್ಲವೇ? ನಮ್ಮ ಮಕ್ಕಳಿಗೂ ಕೆಲಸ ಬೇಕು. ದೇವನಹಳ್ಳಿ ಕಡೆಯ ಹೊಸ ಫೋನ್ ಕಾರ್ಖಾನೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ, ಒಳ್ಳೆಯದೇ. ನಮ್ಮ ತಕರಾರು ಲೆಕ್ಕದ ಬಗ್ಗೆ.

ಭೂಮಿ ಮತ್ತು ಸಾಲದ ನಂಟನ್ನು ನೋಡಿ. ಸ್ವಾಧೀನದ ನೋಟಿಸು ಬಂದ ಕೂಡಲೇ ಭೂಮಿ ಹೋಗುವುದಿಲ್ಲ, ಮೊದಲು ಹೋಗುವುದು ಸಾಲದ ದಾರಿ. ಪಹಣಿಯಲ್ಲಿ ಅಧಿಸೂಚನೆಯ ಷರಾ ಬಿದ್ದರೆ ಸೊಸೈಟಿಯೂ ಬ್ಯಾಂಕೂ ಹಿಂದೆಮುಂದೆ ನೋಡುತ್ತವೆ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಎಂದು 2023ರಲ್ಲಿ ಘೋಷಣೆಯಾಯಿತು. ಪಹಣಿ ತಕರಾರಿಗೆ ಬಿದ್ದವನಿಗೆ ಆ ಘೋಷಣೆಯಿಂದ ಏನು ಬಂತು? ಬೋರ್‌ವೆಲ್ ಕೊರೆಸಬೇಕು, ಮಗಳ ಮದುವೆ ಮಾಡಬೇಕು, ಆತ ಮೀಟರ್ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ. ಮೂರು ವರ್ಷ ಹೀಗೆ ಬೆಂದ ಮೇಲೆ ಅವನೇ "ಯಾವ ರೇಟಿಗಾದರೂ ತಗೊಳ್ಳಿ ಸ್ವಾಮಿ" ಎನ್ನುತ್ತಾನೆ. ಅದನ್ನೇ ಕಾಗದದಲ್ಲಿ "ರೈತರು ಸ್ವಇಚ್ಛೆಯಿಂದ ಒಪ್ಪಿದ್ದಾರೆ" ಎಂದು ಬರೆದುಕೊಳ್ಳುತ್ತಾರೆ.

ಕಾನೂನಿನ ಮಾತು ಕೇಳಿ. ಖಾಸಗಿ ಕಂಪನಿಗೆ ಭೂಮಿ ಕೊಡಿಸುವಾಗ ಶೇಕಡಾ 80ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು, ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು ಎಂದು 2013ರ ಕೇಂದ್ರ ಕಾಯ್ದೆ ಹೇಳುತ್ತದೆ. ಕರ್ನಾಟಕದಲ್ಲಿ ಕೈಗಾರಿಕೆಗೆ ಭೂಮಿ ತೆಗೆಯುವುದು ಹೆಚ್ಚಾಗಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಕಲಮಿನಡಿ. ಅಲ್ಲಿ ಆ ಒಪ್ಪಿಗೆಯ ಷರತ್ತಿಲ್ಲ. ಎರಡು ಕಾನೂನಿದ್ದಾಗ ರೈತನಿಗೆ ಬಿಗಿಯಾಗುವುದನ್ನೇ ಹುಡುಕಿ ಬಳಸುತ್ತಾರೆ.

ಬೆಲೆಯ ವಿಷಯದಲ್ಲೂ ಹೀಗೇ. ಕಂಪನಿ "ಹೋಗ್ತೀನಿ" ಎಂದರೆ ಎರಡು ರಾಜ್ಯಗಳು ಪೈಪೋಟಿಯ ಮೇಲೆ ರಿಯಾಯಿತಿ ಕೊಡುತ್ತವೆ: ಅಗ್ಗದ ಭೂಮಿ, ತೆರಿಗೆ ವಿನಾಯಿತಿ, ವಿದ್ಯುತ್ ಸವಲತ್ತು. ನಮ್ಮ ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಪೂರ್ಣ ಉತ್ಪಾದನಾ ವೆಚ್ಚದ ಮೇಲೆ ಅರ್ಧದಷ್ಟು ಸೇರಿಸಿ ಬೆಲೆ ಕೊಡಿ ಎಂಬ ಬೇಡಿಕೆ ಸ್ವಾಮಿನಾಥನ್ ಆಯೋಗದ 2006ರ ವರದಿಯ ಕಾಲದಿಂದ ಹಾಗೇ ಬಿದ್ದಿದೆ. ನಾವು "ಹೋಗ್ತೀವಿ" ಎಂದು ಹೆದರಿಸಲಾರೆವು. ಹೊಲವನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಹಿಂದೂಪುರಕ್ಕೆ ಹೋಗಲು ಬರುವುದಿಲ್ಲ. ಅದಕ್ಕೇ ನಮ್ಮ ಮಾತಿಗೆ ಬೆಲೆಯಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಿಮ್ಮೂರಿಗೆ ಅಧಿಕಾರಿ ಬಂದಾಗ ಐದು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಒಂದು: ಈ ಜಿಲ್ಲೆಯಲ್ಲಿ ಈ ಮೊದಲು ತೆಗೆದುಕೊಂಡ ಕೈಗಾರಿಕಾ ನಿವೇಶನಗಳಲ್ಲಿ ಎಷ್ಟು ಖಾಲಿ ಬಿದ್ದಿವೆ? ಅದು ತುಂಬಿದ ಮೇಲೆ ಬನ್ನಿ.

ಎರಡು: ಕಂಪನಿಗೆ ಭೂಮಿ ಮಾರುತ್ತೀರೋ ಗುತ್ತಿಗೆಗೆ ಕೊಡುತ್ತೀರೋ? ಗುತ್ತಿಗೆಯಾದರೆ ರೈತನೇ ಒಡೆಯನಾಗಿ ಉಳಿದು ವರ್ಷವರ್ಷ ಬಾಡಿಗೆ ಪಡೆಯುವಂತೆ ಯಾಕಾಗಬಾರದು?

ಮೂರು: ಕಾರ್ಖಾನೆ ಕಟ್ಟದಿದ್ದರೆ, ಕಟ್ಟಿ ಮುಚ್ಚಿದರೆ, ಭೂಮಿ ಯಾರದು?

ನಾಲ್ಕು: ಕೆಲಸ ಎಷ್ಟು, ಕಾಯಂ ಎಷ್ಟು, ಗುತ್ತಿಗೆ ಕೂಲಿ ಎಷ್ಟು?

ಐದು: ನೋಟಿಸಿನ ದಿನದಿಂದ ಪರಿಹಾರದ ದಿನದವರೆಗೆ ನಮ್ಮ ಬೆಳೆಸಾಲಕ್ಕೆ ಹೊಣೆ ಯಾರು?

ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆಗೆ ಅವಕಾಶವಿದೆ. ಅದು ಮುಗಿಯುವ ಮೊದಲೇ ಮನೆಮನೆಯಿಂದ ಬರೆದು ಸ್ವೀಕೃತಿ ಪಡೆಯಿರಿ. ಒಬ್ಬೊಬ್ಬರೇ ದಳ್ಳಾಳಿಯ ಜೊತೆ ಮಾತಿಗೆ ಕೂರಬೇಡಿ. ಅಣ್ಣತಮ್ಮಂದಿರ ಪಾಲಿನ ಜೊತೆ ಅಕ್ಕತಂಗಿಯರ ಪಾಲೂ ಕಾಗದದಲ್ಲಿರಲಿ. ಮನೆಯೊಳಗಿನ ಬಿರುಕೇ ದಳ್ಳಾಳಿಗೆ ಬಾಗಿಲು.

ಕಂಪನಿಗಳು ಬರುತ್ತವೆ, ಹೋಗುತ್ತವೆ, ಅದು ಅವುಗಳ ವ್ಯವಹಾರ. ಊರು ಕೆಟ್ಟರೆ ರಸ್ತೆ ಸರಿಮಾಡಲಿ, ಕೆರೆ ಉಳಿಸಲಿ, ಕಸ ಎತ್ತಲಿ. ಬೆಂಗಳೂರಿನ ಗುಂಡಿ ಮುಚ್ಚುವುದಕ್ಕೆ ನಮ್ಮ ಹೊಲದ ಮಣ್ಣು ಬೇಡ. ಹಾಗೂ ಬೇಕೇ ಬೇಕು ಎನ್ನುವುದಾದರೆ ನಮ್ಮ ಪಕ್ಕ ಕೂತು, ನಮ್ಮ ಷರತ್ತು ಕೇಳಿ, ನಮ್ಮ ಬೆಲೆ ಕೊಟ್ಟು ಕೇಳಲಿ. ಕೊಡುವುದೋ ಬಿಡುವುದೋ ಗ್ರಾಮಸಭೆಯಲ್ಲಿ ತೀರ್ಮಾನ ಮಾಡೋಣ.