ಆನೆ ಕೊಳ್ಳೋದು ಸುಲಭ, ಸಾಕೋದು ಕಷ್ಟ



ಇವತ್ತು ಎರಡು ಸುದ್ದಿ ಇಟ್ಕೊಂಡು ಮಾತು ಶುರು ಮಾಡ್ತೀನಿ. ಎರಡೂ ಫುಟ್‌ಬಾಲ್ ಸುದ್ದಿ. ಎರಡರ ನಡುವೆ ಒಂದು ತಿಂಗಳ ಅಂತರವೂ ಇಲ್ಲ.

ಒಂದು, ಸೆಪ್ಟೆಂಬರ್ 1, 2025. ಇಂಗ್ಲೆಂಡ್‌ನ ಲಿವರ್‌ಪೂಲ್ ಕ್ಲಬ್ ನ್ಯೂಕ್ಯಾಸಲ್ ಕ್ಲಬ್‌ನಿಂದ ಅಲೆಕ್ಸಾಂಡರ್ ಇಸಾಕ್ ಅನ್ನೋ ಸ್ವೀಡನ್ ಆಟಗಾರನನ್ನು ಕೊಂಡುಕೊಳ್ತು. ಬೆಲೆ ಎಷ್ಟು ಗೊತ್ತಾ? 12.5 ಕೋಟಿ ಪೌಂಡ್. ನಮ್ಮ ದುಡ್ಡಲ್ಲಿ 1,400 ಕೋಟಿ ರೂಪಾಯಿಗೂ ಮೇಲೆ. ಬ್ರಿಟನ್‌ನ ಕ್ಲಬ್ಬೊಂದು ಒಬ್ಬ ಆಟಗಾರನಿಗೆ ಇಷ್ಟು ದುಡ್ಡು ಕೊಟ್ಟಿದ್ದು ಇದೇ ಮೊದಲು. ಆ ಒಂದು ಬೇಸಿಗೆಯಲ್ಲೇ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳು ಆಟಗಾರರ ಖರೀದಿಗೆ ಸುರಿದ ದುಡ್ಡು 300 ಕೋಟಿ ಪೌಂಡ್ ದಾಟಿತು.

ಇನ್ನೊಂದು, ಅದಕ್ಕೂ ಹಿಂದಿನ ತಿಂಗಳು, ಆಗಸ್ಟ್‌ನಲ್ಲಿ ಬಂದಿದ್ದು. ಬಂದಿದ್ದು ಎಲ್ಲಿಂದ? ನಮ್ಮ ಬೆಂಗಳೂರಿನಿಂದ. ಸುನಿಲ್ ಛೆಟ್ರಿ ಆಡಿದ ತಂಡ, ಕಂಠೀರವ ಕ್ರೀಡಾಂಗಣದಲ್ಲಿ ನೀವು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ತಂಡ, ಬೆಂಗಳೂರು ಎಫ್‌ಸಿ. ಮುಖ್ಯ ತಂಡದ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ಕೊಡೋದನ್ನ ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ ಅಂತ ಪ್ರಕಟಣೆ ಹೊರಡಿಸಿತು.

ಅಲ್ಲಿ ಒಬ್ಬನಿಗೆ ಸಾವಿರದ ನಾನೂರು ಕೋಟಿ, ಇಲ್ಲಿ ಇಡೀ ತಂಡಕ್ಕೆ ತಿಂಗಳ ಸಂಬಳ ಇಲ್ಲ. ಅವರು ಶ್ರೀಮಂತರು, ನಾವು ಬಡವರು ಅಂತ ಹೇಳಿ ಸುಮ್ಮನಾಗಬಹುದು. ಆದರೆ ವಿಷಯ ಅಷ್ಟು ಸರಳ ಇಲ್ಲ. ಅಲ್ಲಿಯೂ ಇದೇ ಸಂಬಳದ ಗುಂಡಿಗೆ ಬಿದ್ದ ಕ್ಲಬ್‌ಗಳಿವೆ. ಬಿದ್ದಾಗ ಪೆಟ್ಟು ಯಾರಿಗಾಯ್ತು ಅನ್ನೋದೇ ಇವತ್ತಿನ ಮಾತು.

ನಮ್ಮಲ್ಲಿ ಟ್ರಾನ್ಸ್‌ಫರ್ ಅಂದ್ರೆ ವಿಧಾನಸೌಧ ನೆನಪಾಗುತ್ತೆ. ಫುಟ್‌ಬಾಲ್‌ನಲ್ಲಿ ಟ್ರಾನ್ಸ್‌ಫರ್ ಅಂದ್ರೆ ಬೇರೆ. ಆಟಗಾರ ಒಂದು ಕ್ಲಬ್‌ನ ಒಪ್ಪಂದದಲ್ಲಿರ್ತಾನೆ. ಅವಧಿ ಮುಗಿಯೋ ಮೊದಲು ಅವನು ಬೇಕು ಅಂದ್ರೆ, ಆ ಕ್ಲಬ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ಅದು ಟ್ರಾನ್ಸ್‌ಫರ್ ಶುಲ್ಕ. ಪತ್ರಿಕೆಯ ಹೆಡ್‌ಲೈನ್ ಆಗೋದು ಇದು.

ಹೆಡ್‌ಲೈನ್ ಆಗದ ಇನ್ನೊಂದು ಖರ್ಚಿದೆ. ಬಂದವನಿಗೆ ಸಂಬಳ ಕೊಡಬೇಕು. ಇಂಗ್ಲೆಂಡ್‌ನಲ್ಲಿ ಅದನ್ನ ವಾರದ ಲೆಕ್ಕದಲ್ಲಿ ಹೇಳ್ತಾರೆ. ವಾರಕ್ಕೆ ಇಷ್ಟು, ವರ್ಷಕ್ಕೆ 52 ವಾರ, ಒಪ್ಪಂದ ಐದು ವರ್ಷ. ಗೆದ್ದರೂ ಕೊಡಬೇಕು, ಸೋತರೂ ಕೊಡಬೇಕು, ಅವನು ಮೊಣಕಾಲು ಮುರ್ಕೊಂಡು ಆಸ್ಪತ್ರೆಯಲ್ಲಿ ಮಲಗಿದರೂ ಕೊಡಬೇಕು. ಟ್ರಾನ್ಸ್‌ಫರ್ ಶುಲ್ಕ ಮದುವೆ ಖರ್ಚಿದ್ದಂಗೆ, ಸಂಬಳ ಸಂಸಾರದ ಖರ್ಚು. ಮದುವೆ ಒಂದು ದಿನಕ್ಕೆ ಮುಗಿಯುತ್ತೆ. ಸಂಸಾರ ಮುಗಿಯಲ್ಲ.

ಲೀಡ್ಸ್ ಯುನೈಟೆಡ್ ಅನ್ನೋ ಕ್ಲಬ್‌ನ ಕಥೆ ನೋಡಿ. 2000ನೇ ಇಸವಿ. ಅಧ್ಯಕ್ಷ ಪೀಟರ್ ರಿಡ್ಸ್‌ಡೇಲ್. ಆ ವರ್ಷದ ನವೆಂಬರ್‌ನಲ್ಲಿ ರಿಯೋ ಫರ್ಡಿನಾಂಡ್‌ನನ್ನು 1.8 ಕೋಟಿ ಪೌಂಡ್‌ಗೆ ತಂದರು. ಆ ಕಾಲಕ್ಕೆ ಡಿಫೆಂಡರ್ ಒಬ್ಬನಿಗೆ ಕೊಟ್ಟ ವಿಶ್ವದಾಖಲೆ ಬೆಲೆ ಅದು. ತಂಡ 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿತು. ಊರಿಗೆ ಊರೇ ಹಬ್ಬ.

ದುಡ್ಡು ಎಲ್ಲಿಂದ ಬಂತು? ಸಾಲ. 6 ಕೋಟಿ ಪೌಂಡ್. ಅಡ ಇಟ್ಟಿದ್ದೇನು? ಮುಂದಿನ ವರ್ಷಗಳಲ್ಲಿ ಅಭಿಮಾನಿಗಳು ಕೊಳ್ಳಬೇಕಾದ ಟಿಕೆಟ್‌ನ ದುಡ್ಡು! ಇನ್ನೂ ಹುಟ್ಟದ ಕರುವಿನ ಹಾಲು ಮಾರಿದ ಹಾಗೆ. ಲೆಕ್ಕಾಚಾರ ಇಷ್ಟೇ: ಪ್ರತಿ ವರ್ಷ ಚಾಂಪಿಯನ್ಸ್ ಲೀಗ್ ಆಡ್ತೀವಿ, ಆ ದುಡ್ಡು ಬರುತ್ತೆ, ಸಾಲ ತೀರಿಸ್ತೀವಿ, ಸಂಬಳ ಕೊಡ್ತೀವಿ.

ಆ ಸೀಸನ್ ಮುಗಿದಾಗ ಲೀಡ್ಸ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನ. ಚಾಂಪಿಯನ್ಸ್ ಲೀಗ್ ಟಿಕೆಟ್ ಇದ್ದಿದ್ದು ಮೊದಲ ಮೂರು ತಂಡಕ್ಕೆ. ಎಷ್ಟು ಅಂಕದಲ್ಲಿ ತಪ್ಪಿತು? ಒಂದೇ ಒಂದು ಅಂಕದಲ್ಲಿ. ಮುಂದಿನ ವರ್ಷ ಐದನೇ ಸ್ಥಾನ. ಅಷ್ಟೇ, ಮುಗೀತು. ಫರ್ಡಿನಾಂಡ್‌ನನ್ನು 2002ರಲ್ಲಿ ಬದ್ಧ ವೈರಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿದರು. ರಾಬಿ ಫೌಲರ್‌ನನ್ನು ಮ್ಯಾಂಚೆಸ್ಟರ್ ಸಿಟಿಗೆ ಮಾರಿದರು, ಆದರೆ ಮಾರಿದ ಮೇಲೂ ಅವನ ಸಂಬಳದ ಒಂದು ಪಾಲನ್ನ ಲೀಡ್ಸೇ ಕೊಡ್ತಾ ಇತ್ತು. ಬೇರೆ ತಂಡಕ್ಕೆ ಗೋಲು ಹೊಡೆಯೋನಿಗೆ ಇವರು ಸಂಬಳ ಕೊಡೋದು! ಹೊಸ ಆಡಳಿತ ಬಂದು ಖರ್ಚಿನ ಪಟ್ಟಿ ತೆಗೆದಾಗ, ಅಧ್ಯಕ್ಷರ ಕಚೇರಿಯಲ್ಲಿದ್ದ ಬಂಗಾರದ ಮೀನಿಗೂ ತಿಂಗಳಿಗೆ 20 ಪೌಂಡ್ ಬಾಡಿಗೆ ಅಂತ ಹೊರಬಿತ್ತು. ಇಡೀ ಇಂಗ್ಲೆಂಡ್ ನಕ್ಕಿದ್ದು ಮೀನಿನ ವಿಷಯಕ್ಕೆ. ಆದರೆ ಕ್ಲಬ್ ಮುಳುಗಿದ್ದು ಮೀನಿನಿಂದಲ್ಲ ಸ್ವಾಮಿ, ಸಂಬಳದಿಂದ ಮತ್ತು ಸಾಲದಿಂದ.

2004ರಲ್ಲಿ ಲೀಡ್ಸ್ ಕೆಳಗಿನ ದರ್ಜೆಗೆ ಬಿತ್ತು. ಸ್ವಂತ ಸ್ಟೇಡಿಯಂ ಎಲ್ಲಂಡ್ ರೋಡನ್ನೇ ಮಾರಿ, ಅಲ್ಲೇ ಬಾಡಿಗೆಗೆ ಕೂತರು. 2007ರಲ್ಲಿ ದಿವಾಳಿ ಪ್ರಕ್ರಿಯೆ, ಮೂರನೇ ದರ್ಜೆ. ಮತ್ತೆ ಪ್ರೀಮಿಯರ್ ಲೀಗ್ ಮೆಟ್ಟಿಲು ಹತ್ತಿದ್ದು 2020ರಲ್ಲಿ. ಹದಿನಾರು ವರ್ಷ! ಸೆಮಿಫೈನಲ್ ನೋಡಿದ ಹತ್ತು ವರ್ಷದ ಹುಡುಗ ಅಷ್ಟೊತ್ತಿಗೆ ಮೂವತ್ತರ ಹತ್ತಿರ ಬಂದಿದ್ದ.

ಇದಕ್ಕಿಂತ ಹೊಟ್ಟೆ ಉರಿಸೋ ಕಥೆ ಪೋರ್ಟ್ಸ್‌ಮತ್‌ದು. ದಕ್ಷಿಣ ಇಂಗ್ಲೆಂಡ್‌ನ ಬಂದರು ಊರು. ಫ್ರಾಟನ್ ಪಾರ್ಕ್ ಅನ್ನೋ ಹಳೇ ಸ್ಟೇಡಿಯಂ, ಕೂರೋಕೆ ಜಾಗ ಇಪ್ಪತ್ತು ಸಾವಿರದ ಆಸುಪಾಸು. ಅಷ್ಟು ಚಿಕ್ಕ ಕ್ಲಬ್ಬು 2008ರಲ್ಲಿ ಎಫ್‌ಎ ಕಪ್ ಗೆದ್ದಿತು. ನೈಜೀರಿಯಾದ ಕಾನು ಹೊಡೆದ ಒಂದೇ ಗೋಲು. ತಂಡದಲ್ಲಿ ಯಾರ್ಯಾರಿದ್ದರು? ಸೋಲ್ ಕ್ಯಾಂಪ್‌ಬೆಲ್, ಡೇವಿಡ್ ಜೇಮ್ಸ್, ಗ್ಲೆನ್ ಜಾನ್ಸನ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ವರ್ಷಕ್ಕೆ ಸಂಬಳದ ಬಿಲ್ಲೇ 5 ಕೋಟಿ ಪೌಂಡ್ ದಾಟಿತ್ತು. ಅದನ್ನ ತುಂಬುತ್ತಿದ್ದದ್ದು ಮಾಲೀಕನ ಜೇಬು.

ಮಾಲೀಕ ಜೇಬಿನಿಂದ ಕೈ ತೆಗೆದ. ಆಮೇಲೆ? 2009-10ರ ಒಂದೇ ಸೀಸನ್‌ನಲ್ಲಿ ನಾಲ್ವರು ಮಾಲೀಕರು ಬಂದು ಹೋದರು. ಆಟಗಾರರ ಸಂಬಳ ಮತ್ತೆ ಮತ್ತೆ ತಡವಾಯ್ತು. 2010ರ ಫೆಬ್ರವರಿಯಲ್ಲಿ ಪೋರ್ಟ್ಸ್‌ಮತ್ ದಿವಾಳಿ ಪ್ರಕ್ರಿಯೆಗೆ ಹೋಯ್ತು. ಪ್ರೀಮಿಯರ್ ಲೀಗ್‌ನಲ್ಲಿದ್ದಾಗಲೇ ಆ ಸ್ಥಿತಿಗೆ ಬಂದ ಮೊದಲ ಕ್ಲಬ್. ಒಂಬತ್ತು ಅಂಕ ಕಡಿತ. ಸಾಲ 12 ಕೋಟಿ ಪೌಂಡ್‌ನ ಆಸುಪಾಸು.

ಈಗ ಕೇಳಿ, ಇದು ಮುಖ್ಯ. ಯಾರ ಕೆಲಸ ಹೋಯ್ತು? ಕಚೇರಿಯವರು, ಮೈದಾನದ ಕೆಲಸದವರು, ಹೀಗೆ ಎಂಬತ್ತಕ್ಕೂ ಹೆಚ್ಚು ಸಿಬ್ಬಂದಿಯನ್ನ ಮನೆಗೆ ಕಳಿಸಿದರು. ಯಾರ ಬಾಕಿ ಉಳೀತು? ಸಾಲಗಾರರ ಪಟ್ಟಿಯಲ್ಲಿ ದೊಡ್ಡ ದೊಡ್ಡ ಹೆಸರಿನ ಜತೆಗೆ ಸೇಂಟ್ ಜಾನ್ ಆಂಬುಲೆನ್ಸ್ ಇತ್ತು. ಮ್ಯಾಚ್ ದಿನ ಗ್ಯಾಲರಿಯಲ್ಲಿ ಯಾರಾದರೂ ಎದೆ ಹಿಡ್ಕೊಂಡು ಬಿದ್ದರೆ ಓಡಿ ಬರೋ ಸ್ವಯಂಸೇವಕರು ಅವರು. ಅವರಿಗೆ ಬರಬೇಕಿದ್ದದ್ದು ಮೂರು ಸಾವಿರ ಪೌಂಡ್ ಕೂಡ ಅಲ್ಲ. ಸ್ಕೌಟ್ಸ್ ಮಕ್ಕಳ ಗುಂಪು ಇತ್ತು. ಊರಿನ ಸಣ್ಣಪುಟ್ಟ ವ್ಯಾಪಾರಿಗಳಿದ್ದರು. ಇವರಿಗೆ ಸಿಕ್ಕ ಭರವಸೆ ಏನು? ಒಂದು ಪೌಂಡ್ ಬಾಕಿಗೆ 20 ಪೆನ್ಸ್. ನೂರು ರೂಪಾಯಿಗೆ ಇಪ್ಪತ್ತು ರೂಪಾಯಿ, ಅದೂ ಕಂತಿನಲ್ಲಿ.

ಮತ್ತೆ ಆಟಗಾರರ ಸಂಬಳದ ಬಾಕಿ? ಬೇರೆ ಕ್ಲಬ್‌ಗಳಿಗೆ ಕೊಡಬೇಕಿದ್ದ ಟ್ರಾನ್ಸ್‌ಫರ್ ದುಡ್ಡು? ಅದು ಪೂರ್ತಿ ಕೊಡಲೇಬೇಕು. ಇಂಗ್ಲಿಷ್ ಫುಟ್‌ಬಾಲ್‌ನಲ್ಲಿ ಹಾಗೊಂದು ನಿಯಮ ಇದೆ: ಫುಟ್‌ಬಾಲ್‌ನವರ ಬಾಕಿ ಮೊದಲು, ಉಳಿದವರದ್ದು ಆಮೇಲೆ. ಇದು ಅನ್ಯಾಯ ಅಂತ ಬ್ರಿಟನ್‌ನ ತೆರಿಗೆ ಇಲಾಖೆಯೇ ಕೋರ್ಟಿಗೆ ಹೋಗಿತ್ತು. 2012ರಲ್ಲಿ ಸೋತು ವಾಪಸ್ ಬಂತು. ಅಂದ್ರೆ ಊಟ ಮಾಡಿದವರು ಯಾರೋ, ಎಲೆ ಎತ್ತಿದವರು ಯಾರೋ.

ಹಾಗಾದ್ರೆ ಆಟಗಾರರೇ ವಿಲನ್‌ಗಳಾ? ಅಲ್ಲ. ಹತ್ತು ಹನ್ನೆರಡು ವರ್ಷದ ಆಟದ ಆಯಸ್ಸು ಅವರದ್ದು. ಕೊಡ್ತೀನಿ ಅಂದವನ ಹತ್ತಿರ ತಗೊಳ್ಳೋದು ತಪ್ಪಲ್ಲ. ಕೊಡೋ ಶಕ್ತಿ ಇಲ್ಲದೆ ಸಹಿ ಹಾಕಿದವನ ತಪ್ಪು ಅದು.

ಇದು ಸಣ್ಣ ಕ್ಲಬ್‌ಗಳ ಪಾಡು ಅಂತ ತಿಳ್ಕೋಬೇಡಿ. 2021ರ ಆಗಸ್ಟ್‌ನಲ್ಲಿ ಲಿಯೊನೆಲ್ ಮೆಸ್ಸಿ ಬಾರ್ಸಿಲೋನಾ ಬಿಡುವಾಗ ಕಣ್ಣೀರು ಹಾಕಿದ್ದನ್ನ ನೀವೆಲ್ಲ ನೋಡಿದ್ದೀರಿ. ಮೆಸ್ಸಿಗೆ ಇರೋಕೆ ಇಷ್ಟ, ಕ್ಲಬ್‌ಗೆ ಇಟ್ಕೊಳ್ಳೋಕೆ ಇಷ್ಟ. ಆದರೂ ಆಗಲಿಲ್ಲ. ಯಾಕೆ? ಅಧ್ಯಕ್ಷ ಲಪೋರ್ತಾ ಆ ತಿಂಗಳೇ ಹೇಳಿದ ಲೆಕ್ಕ ಕೇಳಿ: ಸಾಲ 135 ಕೋಟಿ ಯೂರೋ, ಸಂಬಳದ ಖರ್ಚು ಆದಾಯದ ನೂರಕ್ಕೆ 103. ನೂರು ರೂಪಾಯಿ ದುಡಿದು ನೂರಾಮೂರು ರೂಪಾಯಿ ಸಂಬಳ ಕೊಟ್ಟರೆ ಕರೆಂಟ್ ಬಿಲ್ ಕಟ್ಟೋರು ಯಾರು? ಸ್ಪೇನ್‌ನ ಲೀಗ್‌ನಲ್ಲಿ ಪ್ರತಿ ಕ್ಲಬ್‌ನ ಸಂಬಳಕ್ಕೂ ಮಿತಿ ಇದೆ. ಆ ಮಿತಿಯೊಳಗೆ ಮೆಸ್ಸಿಯ ಹೆಸರು ಹಿಡಿಯಲಿಲ್ಲ. ನಾಲ್ಕು ವರ್ಷ ಮೊದಲು ನೇಮಾರ್‌ನನ್ನು ಮಾರಿ 22.2 ಕೋಟಿ ಯೂರೋ ಎಣಿಸಿಕೊಂಡ ಕ್ಲಬ್ ಇದು!

ಹಾಗಂತ ನಿಯಮ ಬಂದಿಲ್ವಾ? ಬಂದಿದೆ. ಯುರೋಪ್ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಈಗ ಹೇಳೋದು: ಆಟಗಾರರ ಸಂಬಳ, ಟ್ರಾನ್ಸ್‌ಫರ್ ಖರ್ಚು, ಏಜೆಂಟರ ಕಮಿಷನ್ ಎಲ್ಲ ಸೇರಿ ಆದಾಯದ ನೂರಕ್ಕೆ 70 ದಾಟಬಾರದು. ಇಂಗ್ಲೆಂಡ್‌ನಲ್ಲಿ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸಬಾರದು ಅಂತ 2025ರಲ್ಲಿ ನಿಯಮ ಇತ್ತು. ತೋರಿಸಿದರೆ ಅಂಕ ಕಡಿತ. 2023ರ ನವೆಂಬರ್‌ನಲ್ಲಿ ಎವರ್ಟನ್‌ಗೆ 10 ಅಂಕ ಕತ್ತರಿಸಿದರು, ಮೇಲ್ಮನವಿಯಲ್ಲಿ ಅದು 6 ಆಯ್ತು, ಆಮೇಲೆ ಇನ್ನೊಂದು ಪ್ರಕರಣದಲ್ಲಿ ಮತ್ತೆ 2 ಹೋಯ್ತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 4.

ಆದರೆ ರಂಗೋಲಿ ಕೆಳಗೆ ತೂರೋರು ಎಲ್ಲ ಕಡೆ ಇರ್ತಾರೆ. ಲೆಕ್ಕದ ಪುಸ್ತಕದಲ್ಲಿ ಒಂದು ಜಾಣತನ ಇದೆ. 10 ಕೋಟಿಗೆ ಒಬ್ಬನನ್ನ ತಂದು ಐದು ವರ್ಷದ ಒಪ್ಪಂದ ಮಾಡಿದರೆ, ಖರ್ಚು ವರ್ಷಕ್ಕೆ 2 ಕೋಟಿ ಅಂತ ಹಂಚಿ ಬರೀತಾರೆ. ಅದೇ ಮಾರಿದ ಲಾಭವನ್ನ ಒಂದೇ ವರ್ಷದಲ್ಲಿ ಪೂರ್ತಿ ಬರೀಬಹುದು. ಚೆಲ್ಸಿ ಏನು ಮಾಡ್ತು? 2023ರಲ್ಲಿ ಎಂಟೂವರೆ ವರ್ಷದ ಒಪ್ಪಂದ ಮಾಡ್ತು. ಹೆಚ್ಚು ವರ್ಷಕ್ಕೆ ಹಂಚಿದಷ್ಟೂ ವರ್ಷದ ಖರ್ಚು ಸಣ್ಣದಾಗಿ ಕಾಣುತ್ತೆ. ಆಮೇಲೆ ಐದು ವರ್ಷಕ್ಕಿಂತ ಹೆಚ್ಚು ಹಂಚುವಂತಿಲ್ಲ ಅಂತ ನಿಯಮ ಬಿಗಿ ಮಾಡಿದರು.

ಇದರಲ್ಲಿ ಇನ್ನೊಂದು ವಿಪರ್ಯಾಸ ಇದೆ. ಕ್ಲಬ್‌ನ ಅಕಾಡೆಮಿಯಲ್ಲೇ ಬೆಳೆದ ಹುಡುಗನಿಗೆ ಖರೀದಿ ಬೆಲೆ ಇಲ್ಲ. ಅವನನ್ನ ಮಾರಿದರೆ ಬಂದ ದುಡ್ಡೆಲ್ಲ ಲಾಭ. ಹಾಗಾಗಿ ಲೆಕ್ಕ ಸರಿದೂಗಿಸೋಕೆ ಮೊದಲು ಮಾರೋದು ಯಾರನ್ನ? ಮನೆ ಮಗನನ್ನ. ಚೆಲ್ಸಿ ಅಂಗಳದಲ್ಲೇ ಬೆಳೆದ ಮೇಸನ್ ಮೌಂಟ್ 2023ರಲ್ಲಿ ಹೋದ, ಕಾನರ್ ಗ್ಯಾಲಗರ್ 2024ರಲ್ಲಿ ಹೋದ. ಕ್ಲಬ್ ಉಳಿಸೋಕೆ ಮಾಡಿದ ನಿಯಮ, ಕ್ಲಬ್‌ನ ಮಕ್ಕಳನ್ನೇ ಸಂತೆಗೆ ಕಳಿಸ್ತಾ ಇದೆ.

ಈಗ ಬೆಂಗಳೂರಿಗೆ ಬರೋಣ. ಬೆಂಗಳೂರು ಎಫ್‌ಸಿ ಪೋರ್ಟ್ಸ್‌ಮತ್ ತರ ಬೇಕಾಬಿಟ್ಟಿ ಖರ್ಚು ಮಾಡಿ ಬಿದ್ದದ್ದಲ್ಲ. ಇಲ್ಲಿನ ರೋಗ ಬೇರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿ ಎಫ್‌ಎಸ್‌ಡಿಎಲ್ ನಡುವೆ 2010ರಲ್ಲಿ ಆದ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯೋದಿತ್ತು. ಮುಂದೇನು ಅನ್ನೋದು ಇತ್ಯರ್ಥ ಆಗಲಿಲ್ಲ. ಆ ವರ್ಷದ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್‌ಗೆ ತಡೆ ಬಿತ್ತು. ಲೀಗ್ ಇಲ್ಲ ಅಂದ್ರೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಯುವ ತಂಡಗಳಿಗೆ, ಮಕ್ಕಳ ಫುಟ್‌ಬಾಲ್ ಶಾಲೆಗಳಿಗೆ ತೊಂದರೆ ಆಗಲ್ಲ ಅಂತ ಕ್ಲಬ್ ಆಗ ಹೇಳಿತು. ಅಷ್ಟರ ಮಟ್ಟಿಗೆ ಸಮಾಧಾನ.

ರೋಗ ಬೇರೆಯಾದರೂ ಬೇರು ಒಂದೇ. ನಮ್ಮ ಕ್ಲಬ್‌ಗಳು ನಿಂತಿರೋದು ಆದಾಯದ ಮೇಲಲ್ಲ, ಮಾಲೀಕರ ಮನಸ್ಸಿನ ಮೇಲೆ. ಮುಂಬೈನ ಮಹೀಂದ್ರಾ ಯುನೈಟೆಡ್ ದೇಶದ ದೊಡ್ಡ ತಂಡ ಆಗಿತ್ತು, 2010ರಲ್ಲಿ ಮುಚ್ಚಿತು. ಪಂಜಾಬ್‌ನ ಜೆಸಿಟಿ ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ, 2011ರಲ್ಲಿ ಮುಚ್ಚಿತು. ಮನಸ್ಸು ಇರೋ ತನಕ ಸಂಬಳ. ಆಮೇಲೆ ಬಾಗಿಲು.

ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳಿದ್ದವು. ಫುಟ್‌ಬಾಲ್ ಆಡೋನು ಆ ಕಾರ್ಖಾನೆಯ ನೌಕರನೂ ಆಗಿರ್ತಿದ್ದ. ಕೋಟಿ ಇರಲಿಲ್ಲ, ನಿಜ. ಆದರೆ ಕಾಲಿಗೆ ಪೆಟ್ಟಾದರೂ ಮನೆಯಲ್ಲಿ ಒಲೆ ಆರುತ್ತಿರಲಿಲ್ಲ. ಆ ಕಾಲ ವಾಪಸ್ ಬರಲಿ ಅಂತ ನಾನು ಹೇಳ್ತಿಲ್ಲ. ಆಟಗಾರನ ಸಂಬಳಕ್ಕೆ ಒಂದು ಗ್ಯಾರಂಟಿ ಇರಬೇಕು ಅನ್ನೋ ಮಾತು ಮಾತ್ರ ಹಳತಾಗಿಲ್ಲ.

ದಾರಿ ಇಲ್ವಾ? ಇದೆ. ಪೋರ್ಟ್ಸ್‌ಮತ್ ನಾಲ್ಕನೇ ದರ್ಜೆಗೆ ಬಿದ್ದಾಗ, 2013ರಲ್ಲಿ, ಆ ಕ್ಲಬ್‌ನ ಕೊಂಡವರು ಯಾರು ಗೊತ್ತಾ? ಅಭಿಮಾನಿಗಳು. ಟಿಕೆಟ್ ತಗೊಂಡು ಕೂಗುತ್ತಿದ್ದ ಜನರೇ ಟ್ರಸ್ಟ್ ಕಟ್ಟಿ, ದುಡ್ಡು ಸೇರಿಸಿ, ಕ್ಲಬ್ ಕೈಗೆ ತಗೊಂಡರು. ಬಂದಷ್ಟರಲ್ಲೇ ಖರ್ಚು ಮಾಡಿದರು. ದೊಡ್ಡ ಹೆಸರು ತರಲಿಲ್ಲ. ನಿಧಾನಕ್ಕೆ ಎದ್ದು 2017ರಲ್ಲಿ ಆ ದರ್ಜೆಯನ್ನ ಗೆದ್ದರು. ಈಗ ಬ್ರಿಟನ್ ಸರ್ಕಾರವೇ ಫುಟ್‌ಬಾಲ್ ಮೇಲೆ ಕಣ್ಣಿಡೋಕೆ ಸ್ವತಂತ್ರ ನಿಯಂತ್ರಕರನ್ನು ತರುವ ಕಾನೂನನ್ನ 2025ರ ಜುಲೈನಲ್ಲಿ ಜಾರಿ ಮಾಡಿದೆ. ಕ್ಲಬ್ ನಡೆಸೋಕೆ ಲೈಸೆನ್ಸ್ ಬೇಕು, ಮಾಲೀಕನ ದುಡ್ಡಿನ ಮೂಲ ತೋರಿಸಬೇಕು.

ನಾವು ಅಭಿಮಾನಿಗಳು ಪ್ರತಿ ಸೀಸನ್‌ಗೂ ಕೇಳೋ ಪ್ರಶ್ನೆ ಒಂದೇ: ಈ ಸಲ ಯಾರನ್ನ ತಂದ್ರಿ? ಕೇಳಿ, ತಪ್ಪಿಲ್ಲ. ಅದಕ್ಕಿಂತ ಮೊದಲು ಇನ್ನೊಂದನ್ನ ಕೇಳಿ: ಇರೋರಿಗೆ ಸಂಬಳ ಆಗಿದೆಯಾ? ಮೈದಾನಕ್ಕೆ ನೀರು ಬಿಡೋನಿಗೆ, ಜೆರ್ಸಿ ಒಗೆಯೋನಿಗೆ, ಗೇಟಲ್ಲಿ ಟಿಕೆಟ್ ಹರಿಯೋನಿಗೆ ಆಗಿದೆಯಾ? ಆಗಿದೆ ಅಂತ ಉತ್ತರ ಬಂದರೆ ಅದು ಕ್ಲಬ್. ಇಲ್ಲ ಅಂದ್ರೆ, ಮನೆ ಮುಂದೆ ಆನೆ ಕಟ್ಟಿದ್ದಾರೆ, ಮೇವಿಗೆ ದುಡ್ಡಿಲ್ಲ ಅಂತ ಅರ್ಥ.