ಇಮೇಲ್‌ನಲ್ಲೂ ಕಾಯಕ, ಇಮೇಲ್‌ನಲ್ಲೂ ದಾಸೋಹ

(ಅಜೆಕಾರಿನಲ್ಲಿ ಶರಣ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಶರಣರ ಬಗ್ಗೆ ಮಾತಾಡಬೇಕಾದ ಕಡೆ ಇಮೇಲ್ ವಿಷಯ ಏಕೆಂದು ಕೆಲವರಿಗೆ ಅನ್ನಿಸಬಹುದು. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಮಠ ಕೂಗಳತೆಯಲ್ಲಿದೆ. ಸುದ್ದಿ ಬಾಯಿಂದ ಬಾಯಿಗೆ ಮುಟ್ಟುತ್ತದೆ. ಕಾರ್ಕಳ ಸೀಮೆಯ ಈ ಕಡೆ ನಮ್ಮ ಮನೆಗಳು ಚದುರಿಹೋಗಿವೆ. ಹಾಸ್ಟೆಲ್‌ನ ಅರ್ಜಿ, ವಿದ್ಯಾರ್ಥಿವೇತನದ ಕೊನೆಯ ದಿನ, ಶಿಬಿರದ ಕರೆ, ಇವೆಲ್ಲ ನಮಗೆ ಇಮೇಲ್‌ನಲ್ಲೇ ಬರಬೇಕು. ಅದು ಕೆಟ್ಟರೆ ಮಠಕ್ಕೂ ನಮಗೂ ಇರುವ ದಾರಿಯೇ ಕೆಟ್ಟ ಹಾಗೆ.

ಮೊದಲನೆಯ ತೊಡಕು ಲಿಪಿಯದು. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದಾಗ ಆ ವ್ಯವಸ್ಥೆಗೆ ಇಂಗ್ಲಿಷ್ ಅಕ್ಷರ ಮಾತ್ರ ಗೊತ್ತಿತ್ತು. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೂ ಇಂದಿಗೂ ಕೆಲವು ಪತ್ರ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳ ರಾಶಿ ಕಾಣುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕಂಪ್ಯೂಟರು ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಗುರುತನ್ನೇ. ಕನ್ನಡದ ರೂಪ ತೋರಿಸುವುದು ಫಾಂಟು. ಓದುವವರ ಬಳಿ ಆ ಫಾಂಟು ಇಲ್ಲದಿದ್ದರೆ ಪತ್ರ ಮೂಕವಾಗುತ್ತದೆ. ಪರಿಹಾರ ಕೈಯಲ್ಲೇ ಇದೆ. ನಮ್ಮ ಕರಾವಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲೇ ಯೂನಿಕೋಡ್ ಕನ್ನಡ ಟೈಪ್ ಮಾಡಬಹುದು. ನುಡಿ ಬಲ್ಲವರು ಹೊಸದಾಗಿ ಕಲಿಯಬೇಕಾದದ್ದು ಬಹಳವೇನಿಲ್ಲ.

ಇಮೇಲ್ ವಿಳಾಸವನ್ನೂ ಕನ್ನಡದಂಥ ಲಿಪಿಗಳಲ್ಲಿ ಬರೆಯಲು ಬೇಕಾದ ತಾಂತ್ರಿಕ ನಿಯಮ 2012ರಲ್ಲೇ ಬಂತು. ಆದರೆ ಎಷ್ಟೋ ಅರ್ಜಿ ನಮೂನೆಗಳು ಅಂಥ ವಿಳಾಸವನ್ನು ತಿರಸ್ಕರಿಸುತ್ತವೆ. ಅತ್ಯುನ್ನತ ಅನುಭಾವವನ್ನೂ ಜನರ ಕನ್ನಡದಲ್ಲೇ ಹೇಳಿದವರು ಶರಣರು. ಅವರ ಹೆಸರಿನ ಶಾಲೆ ಕಾಲೇಜುಗಳ ಬಾಗಿಲಲ್ಲೇ ಇಂಗ್ಲಿಷ್ ಕಡ್ಡಾಯವಾಗಬಾರದು. ಸುಧಾರಣೆ ನಮ್ಮ ಸಂಸ್ಥೆಗಳಿಂದಲೇ ಶುರುವಾಗಲಿ.

ಎರಡನೆಯದು, ಪತ್ರವನ್ನು ಫೋಟೊ ತೆಗೆದು ಲಗತ್ತಿಸುವ ರೂಢಿ. ಸಿಗ್ನಲ್ ಸರಿಯಿಲ್ಲದ ಗುಡ್ಡದ ಮನೆಯಲ್ಲಿ ಅದು ತೆರೆಯಲು ಹೆಣಗಬೇಕು. ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದ ಬಂಧುವಿನ ಫೋನು ಇಮೇಲ್‌ನ ಅಕ್ಷರವನ್ನು ಓದಿ ಹೇಳುತ್ತದೆ. ಚಿತ್ರದ ಮುಂದೆ ಅದು ಬಹಳ ಸಲ ತಡವರಿಸುತ್ತದೆ. ವಿಷಯವನ್ನು ಪತ್ರದಲ್ಲೇ ಬರೆಯಿರಿ. ಮುದ್ರೆ, ಸಹಿ ಬೇಕಾದರೆ ಮಾತ್ರ ಚಿತ್ರ ಸೇರಿಸಿ.

ಮೂರನೆಯದು, ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸುವುದು. ಎಲ್ಲರಿಗೂ ಬಂದದ್ದು ಯಾರ ಕೆಲಸವೂ ಆಗುವುದಿಲ್ಲ. ಯಾರು, ಏನು, ಯಾವ ದಿನದೊಳಗೆ ಮಾಡಬೇಕು ಎಂಬುದು ವಿಷಯದ ಸಾಲಿನಲ್ಲೇ ಇರಲಿ. ಕಾಯಕವೆಂದರೆ ಹೆಸರು ಹೇಳಿ ಹೊತ್ತುಕೊಂಡ ಹೊಣೆ.

ಎಲ್ಲಕ್ಕಿಂತ ದೊಡ್ಡ ನೋವು ಉತ್ತರ ಬಾರದಿರುವುದು. ಸೂಕ್ಷ್ಮವಾಗಿ ನೋಡಿ: ಸ್ಥಿತಿವಂತರಿಗೆ ಸ್ವಾಮೀಜಿಯವರ ಆಪ್ತರ ಫೋನ್ ನಂಬರ್ ಗೊತ್ತಿರುತ್ತದೆ. ಇಮೇಲ್ ಬರೆದು ಕಾಯುವವನು ಯಾರ ಪರಿಚಯವೂ ಇಲ್ಲದ ಬಡ ಹುಡುಗ. ಅವನ ಪತ್ರ ತೆರೆಯದೆ ಬಿದ್ದಿದ್ದರೆ, ಪರಿಚಯ ಇದ್ದವರಿಗೆ ಒಂದು ಸಾಲು, ಇಲ್ಲದವರಿಗೆ ಇನ್ನೊಂದು ಸಾಲು ಎಂಬ ಭೇದವನ್ನು ನಾವೇ ಹುಟ್ಟಿಸಿದಂತಾಯಿತು. ಪಂಕ್ತಿಭೇದ ಬೇಡವೆಂದು ನಾವು ದಾಸೋಹದ ಮನೆಯಲ್ಲಿ ಹೇಳುತ್ತೇವೆ. ಅಂಚೆಯಲ್ಲೂ ಅದೇ ಆಗಬೇಕು. ಹಸಿದು ಬಂದವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಮರೆಯುತ್ತೇವೆಯೇ?

ಆದ್ದರಿಂದ ನನ್ನ ಬಿನ್ನಹ ಇಷ್ಟು. ಪ್ರತಿ ಮಠದಲ್ಲೂ ಕಚೇರಿಯ ಹೆಸರಿನ ಒಂದೇ ವಿಳಾಸವಿರಲಿ. ವ್ಯಕ್ತಿ ಬದಲಾದರೂ ಪತ್ರ ಕಳೆದುಹೋಗದು. ದಿನಕ್ಕೊಮ್ಮೆ ಅದನ್ನು ತೆರೆಯುವ ಹೊಣೆ ಒಬ್ಬರಿಗಿರಲಿ. ಎರಡು ದಿನದೊಳಗೆ "ನಿಮ್ಮ ಪತ್ರ ತಲುಪಿದೆ, ಇಂಥ ದಿನ ತಿಳಿಸುತ್ತೇವೆ" ಎಂಬ ಒಂದು ಸಾಲಾದರೂ ಹೋಗಲಿ. ಕೊಡಲು ಆಗದಿದ್ದರೆ ಆಗದೆಂದೇ ಬರೆಯಲಿ. ಹುಡುಗ ಬೇರೆ ಬಾಗಿಲು ತಟ್ಟುತ್ತಾನೆ, ಅವನ ವರ್ಷ ಉಳಿಯುತ್ತದೆ.

ಇದಕ್ಕೆ ಹಣ ಬೇಕಿಲ್ಲ, ದಿನಕ್ಕೆ ಅರ್ಧ ಗಂಟೆಯ ಕಾಯಕ ಸಾಕು. ಊರಿಗೆ ಮರಳಿದ ಮೇಲೆ ನಿಮ್ಮ ನಿಮ್ಮ ಮಠಗಳಲ್ಲಿ ಈ ಮಾತು ಎತ್ತಿರಿ.