ಮೂರು ದಿನದ ಕಮ್ಮಟಕ್ಕೆ ಒಂದು ಬೇಡಿಕೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳು)



ಶಾಲೆಯ ಐವತ್ತು ವರ್ಷದ ನೆನಪುಗಳನ್ನು ನನಗಿಂತ ಮುಂಚೆ ಮಾತಾಡಿದವರು ಚೆಂದಾಗಿ ಹೇಳಿದ್ದಾರೆ. ನಾನು ಒಂದು ಬೇಡಿಕೆ ಇಡಲು ನಿಂತಿದ್ದೇನೆ. ಬರುವ ದಸರಾ ರಜೆಯಲ್ಲಿ ಯಾದಗಿರಿ, ಶಹಾಪುರ, ಸುರಪುರ ಭಾಗದ ಮೂವತ್ತು ಮಕ್ಕಳನ್ನು ಇಲ್ಲಿಗೇ ಕರೆದು, ಮೂರು ದಿನ ಇರಿಸಿಕೊಂಡು, ಬರವಣಿಗೆಯ ಕಮ್ಮಟ ನಡೆಸಬೇಕು.

ಕಮ್ಮಟ ಅಂದರೆ ಹಿಂದೆ ನಾಣ್ಯ ಅಚ್ಚುಹಾಕುತ್ತಿದ್ದ ಟಂಕಸಾಲೆ. ಎಳೆಯರನ್ನು ಒಂದು ಕಡೆ ಸೇರಿಸಿ ಓದಿಸುವ, ಬರೆಸುವ ಶಿಬಿರಕ್ಕೂ ಈಗ ಅದೇ ಹೆಸರು. ಕರ್ನಾಟಕ ಸಾಹಿತ್ಯ ಅಕಾಡೆಮಿ ಇಂಥವನ್ನು ನಡೆಸುತ್ತಾ ಬಂದಿದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ಕುವೆಂಪು ಅವರ ಊರಿನಲ್ಲಿ, ನಡೆಯುತ್ತವೆ. ಒಳ್ಳೆಯ ಕೆಲಸ. ಆದರೆ ನಮ್ಮಿಂದ ಅಲ್ಲಿಗೆ ಇಡೀ ರಾತ್ರಿಯ ಬಸ್ಸಿನ ದಾರಿ. ಒಂಬತ್ತನೇ ಕ್ಲಾಸಿನ ಮಗಳನ್ನು ಅಷ್ಟು ದೂರ ಯಾವ ಅವ್ವ ಕಳಿಸುತ್ತಾಳೆ?

ಮನೆಯಲ್ಲೇ ಕುಳಿತು ಬರೆಯಬಾರದೇನು ಎಂದು ನೀವು ಕೇಳಬಹುದು. ಸಂಜೆ ಶಾಲೆ ಬಿಟ್ಟು ಹೋದ ಹುಡುಗಿಗೆ ನೀರು, ಕಸ, ತಮ್ಮನನ್ನು ಎತ್ತಿಕೊಳ್ಳುವುದು. ಹುಡುಗನಿಗೆ ದನ. ಹತ್ತಿ ಬಿಡಿಸುವುದು ಶುರುವಾದರೆ ಬೆಂಚುಗಳೇ ಖಾಲಿ. ಅದಕ್ಕೇ ದಸರಾ ರಜೆ ಎಂದೆ, ಅದಕ್ಕೇ ವಸತಿ ಎಂದೆ.

ನಾನು ಮೇಷ್ಟ್ರಾಗಿದ್ದಾಗ ಒಂದು ಕಮ್ಮಟಕ್ಕೆ ಮೂವರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅವರಲ್ಲೊಬ್ಬ ಹುಡುಗಿ ಮೊದಲ ದಿನ ಬರೆದದ್ದು ಸೂರ್ಯೋದಯದ ವರ್ಣನೆ, ಎಲ್ಲ ಪಾಠಪುಸ್ತಕದ ಮಾತು. ಅಲ್ಲಿನ ಮಾರ್ಗದರ್ಶಕರು ತಿದ್ದಲಿಲ್ಲ. ಮಕ್ಕಳನ್ನು ಸುತ್ತ ಕೂರಿಸಿ, "ನಿಮ್ಮ ಮನೆಯಲ್ಲಿ ಬೆಳಗ್ಗೆ ಮೊದಲು ಯಾರು ಏಳ್ತಾರವ್ವಾ? ಎದ್ದು ಏನಂತಾರ?" ಎಂದು ಕೇಳಿದರು. ಎರಡನೇ ದಿನ ಆಕೆ ಓದಿದ್ದು ತನ್ನ ಮನೆಯವರು ಪುಣೆಗೆ ಗುಳೆ ಹೋದ ರಾತ್ರಿಯನ್ನು. ಅವ್ವ ಕೋಳಿಯನ್ನು ಪಕ್ಕದ ಮನೆಗೆ ಒಪ್ಪಿಸಿದ್ದು, ಅಜ್ಜಿ ಸೆರಗಿಗೆ ಕೀಲಿಕೈ ಕಟ್ಟಿಕೊಂಡು ಬಸ್ಸು ಹೋದ ಮೇಲೂ ನಿಂತದ್ದು. ಬೇರೆ ಜಿಲ್ಲೆಯ ಮಕ್ಕಳು ಗುಳೆ ಎಂಬ ಮಾತನ್ನೇ ಕೇಳಿರಲಿಲ್ಲ. ಎಷ್ಟು ಪ್ರಶ್ನೆ ಕೇಳಿದರೆಂದರೆ ಊಟದ ಗಂಟೆ ಹೊಡೆದದ್ದೂ ಯಾರಿಗೂ ತಿಳಿಯಲಿಲ್ಲ.

ನಮ್ಮ ಮಾತು ಒರಟು, ಬರೆಯಲು ಬರುವುದಿಲ್ಲ ಎಂಬ ಅಂಜಿಕೆ ನಮ್ಮ ಮಕ್ಕಳಿಗೆ ಬಹಳ. ಅಂಜಿಸಿದವರಲ್ಲಿ ದೊಡ್ಡವರೇ ಹೆಚ್ಚು, ಅದಿರಲಿ. ಜೇಡರ ದಾಸಿಮಯ್ಯ ಇದೇ ಸೀಮೆಯ ಮುದನೂರಿನವನು, ಮಗ್ಗದ ಮುಂದೆ ಕುಳಿತವನು. ಅವನ ವಚನ ಇವತ್ತಿಗೂ ಓದುತ್ತೇವೆ. ಕುವೆಂಪು ಕೂಡ ಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆದವರು. ಐರಿಶ್ ಕವಿ ಜೇಮ್ಸ್ ಕಸಿನ್ಸ್ ಅದನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ನೋಡಿದ್ದೀರಿ. ಎಳೆಯ ರಾಜಾ ವೆಂಕಟಪ್ಪ ನಾಯಕರನ್ನು ಮೆಡೋಸ್ ಟೇಲರ್ ಹತ್ತಿರದಿಂದ ಕಂಡವರು. ಅದೇ ರಾಜರು ಬ್ರಿಟಿಷರ ವಿರುದ್ಧ ಎದ್ದು 1858ರಲ್ಲಿ ಸೆರೆಯಾದರು. ಆ ಸಂಗತಿಗಳಿರುವ ಟೇಲರ್ ಆತ್ಮಕಥೆ, ಅವರು ತೀರಿಕೊಂಡ ಮರುವರ್ಷ, 1877ರಲ್ಲಿ ಅಚ್ಚಾಯಿತು. ನಮ್ಮ ಮನೆಯ ದುಃಖಕ್ಕೆ ಸಾಹೇಬರ ಪುಸ್ತಕ ತೆರೆಯಬೇಕಾಗಿದೆ. ಇವತ್ತಿನ ಗುಳೆಯ ಕಥೆಯನ್ನಾದರೂ ಹೋಗಿ ಬಂದ ಮಕ್ಕಳೇ ಬರೆಯಲಿ.

ಖರ್ಚು ದೊಡ್ಡದಲ್ಲ. ಮಲಗಲು ಈ ಕೋಣೆಗಳಿವೆ. ಹೆಣ್ಣುಮಕ್ಕಳ ಜೊತೆ ನಮ್ಮ ಶಿಕ್ಷಕಿಯರು ಇರಬೇಕು. ತಾಯಂದಿರು ಬಂದು ನೋಡಿ ಹೋಗಲು ಬಾಗಿಲು ತೆರೆದಿರಬೇಕು. ಮೂರನೇ ದಿನ ಸಂಜೆ ಮಕ್ಕಳು ಬರೆದದ್ದನ್ನು ಊರವರ ಮುಂದೆ ಓದಲಿ. ಊಟಕ್ಕೆ ಮನೆಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂದರೆ ಸಾಕು. ಹಳೆಯ ವಿದ್ಯಾರ್ಥಿಗಳ ಸಂಘದವರು ಹೊರಗೆ ಮೇಜಿನ ಮೇಲೆ ವಹಿ ಇಟ್ಟಿದ್ದಾರೆ. ನನ್ನ ಹೆಸರಿಗೆ ನೂರು ರೊಟ್ಟಿ, ಮೂವತ್ತು ನೋಟ್‌ಬುಕ್ ಈಗಲೇ ಹಚ್ಚಿಕೊಳ್ಳಲಿ.